ಮರದೊಳಗಿನ ಕಪ್ಪುಗೆರೆ: ಎಳೆದವರು ಯಾರು?

ಮಳೆಗಾಲ ಮುಗಿದ ಮೇಲೆ ಚನ್ನಗಿರಿಯದೋ ಹೊನ್ನಾಳಿಯದೋ ಒಂದು ಸಾಮಿಲ್ಲಿನ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೊಲದ ಬದುವಿನಿಂದ ಕಡಿದು ತಂದ ಮಾವಿನ ದಿಮ್ಮಿ ಕೆಲವು ತಿಂಗಳು ನೆಲಕ್ಕೆ ತಾಗಿ ಬಿದ್ದಿದ್ದರೆ, ಅದನ್ನು ಸೀಳಿದಾಗ ಒಳಗೊಂದು ಚಿತ್ರವೇ ಕಾಣಬಹುದು. ಒಂದು ಕಡೆ ಬೂದಿ ಬೆರೆತ ನೀಲಿ ಪಟ್ಟೆ, ಇನ್ನೊಂದು ಕಡೆ ಬಿಳಿಚಿಕೊಂಡ ತೇಪೆ, ಇವೆರಡರ ನಡುವೆ ಶಾಯಿಯಿಂದ ಎಳೆದಂತೆ ತೆಳುವಾದ ಕಪ್ಪುಗೆರೆ. ಈ ಗೆರೆ ಮರದ ಬೆಳವಣಿಗೆಯ ಉಂಗುರಗಳನ್ನು ಅನುಸರಿಸುವುದಿಲ್ಲ. ನಕ್ಷೆಯಲ್ಲಿ ತಾಲ್ಲೂಕುಗಳ ಗಡಿ ಹೇಗೆ ಅಂಕುಡೊಂಕಾಗಿ ಸಾಗುತ್ತದೆಯೋ ಹಾಗೆ ತನ್ನದೇ ದಾರಿ ಹಿಡಿಯುತ್ತದೆ.

ಬಡಗಿ ಇಂತಹ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, 'ಕುಂಬಾಗಿದೆ' ಎಂದು ಬದಿಗಿಡುತ್ತಾನೆ. ಅದಕ್ಕೆ ಸಿಗುವುದು ಸೌದೆಯ ಬೆಲೆ. ಆದರೆ ಲೇತ್ ಯಂತ್ರದಲ್ಲಿ ಬಟ್ಟಲು, ಹೂದಾನಿ ಕಡೆಯುವ ಅಮೆರಿಕ, ಯೂರೋಪಿನ ಕುಶಲಕರ್ಮಿಗಳು ಇದೇ ಮರವನ್ನು ಹುಡುಕಿಕೊಂಡು ಹೋಗಿ ಹೆಚ್ಚು ಹಣ ಕೊಡುತ್ತಾರೆ. ಅವರು ಈ ಬಣ್ಣ ಮತ್ತು ಗೆರೆಗಳಿಗೆ ಇಟ್ಟ ಹೆಸರು ಸ್ಪಾಲ್ಟಿಂಗ್. ನಮ್ಮಲ್ಲಿ ಇದಕ್ಕೆ ಬೇರೆ ಹೆಸರಿಲ್ಲ. ಕುಂಬಿನ ಆರಂಭ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಈ ಗೆರೆಯನ್ನು ಎಳೆದವರು ಯಾರು? ಮರವೇ? ಕೊಳೆತವೇ? ಅಥವಾ ಮೂರನೆಯ ಜೀವಿಯೇ? ಈಗಿನ ವಿದ್ಯಾರ್ಥಿ ತಡಮಾಡದೆ 'ಶಿಲೀಂಧ್ರ' ಎಂದುಬಿಡಬಹುದು. ಈ ಒಂದು ಪದದ ಉತ್ತರಕ್ಕೆ ವಿಜ್ಞಾನ ಒಂದು ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಆ ದಾರಿಯಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ತಲೆಕೆಳಗಾಗಿತ್ತು.

ಬಿಳಿಯ ಮರ ಬೇಡುವ ಕಸುಬು

ಕನ್ನಡದಲ್ಲಿ 'ಕಡೆ' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಮೊಸರು ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಎರಡರಲ್ಲೂ ಇರುವುದು ತಿರುಗುವ ಕ್ರಿಯೆ. ಕಡಗೋಲು, ಲಟ್ಟಣಿಗೆ, ತೊಟ್ಟಿಲಿನ ಗುಂಡುಗಳು, ಮಂಚದ ಕಾಲುಗಳು ಎಲ್ಲವೂ ಹೀಗೆ ಕಡೆದು ಮಾಡಿದವು. ಕರ್ನಾಟಕದಲ್ಲಿ ಈ ಕಸುಬಿನ ದೊಡ್ಡ ಹೆಸರು ಚನ್ನಪಟ್ಟಣದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ವಿದ್ಯೆ ಅಲ್ಲಿಗೆ ಬಂತೆಂಬ ಪ್ರತೀತಿ ಇದೆ.

ಚನ್ನಪಟ್ಟಣದ ಬೊಂಬೆಗೆ ಮೊದಲಿನಿಂದ ಬಳಸುತ್ತ ಬಂದದ್ದು ಆಲೆ ಮರ, ಅಂದರೆ ಬೆಪ್ಪಾಲೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ರೈಟಿಯ ಟಿಂಕ್ಟೋರಿಯ. ಎಲೆ ಉದುರುವ ಒಣ ಕಾಡುಗಳಲ್ಲಿ ಬೆಳೆಯುವ ಚಿಕ್ಕ ಮರ ಇದು. ಗೀರಿದರೆ ಹಾಲು ಸುರಿಸುತ್ತದೆ. ಇದರ ದಾರು ಬೆಳ್ಳಗೆ, ನುಣುಪಾಗಿ, ಹದವಾಗಿ ಇರುವುದರಿಂದ ಉಳಿಗೆ ಸುಲಭವಾಗಿ ಬಗ್ಗುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಬಣ್ಣ ಹತ್ತುತ್ತದೆ.

ಹಸಿಮರ ತಂದ ಕೂಡಲೇ ತೊಗಟೆ ತೆಗೆದು, ಗಾಳಿಯಾಡುವ ಕಡೆ ಪೇರಿಸಿ, ತಿಂಗಳುಗಟ್ಟಲೆ ಒಣಗಿಸುವುದು ಈ ಕಸುಬಿನ ಮೊದಲ ಪಾಠ. ಒಣಗದ ಮರ ಬಿರಿಯುತ್ತದೆ ಎಂಬುದು ಒಂದು ಕಾರಣ. ತೊಗಟೆ ಸಹಿತ ತೇವದಲ್ಲಿ ಬಿದ್ದ ಬಿಳಿಮರಕ್ಕೆ ಬೇಗ ಕಲೆ ಹತ್ತುತ್ತದೆ ಎಂಬುದು ಇನ್ನೊಂದು. ಒಣಗಿಸಿದರೆ ಕಲೆ ಬರುವುದಿಲ್ಲ ಎಂಬ ಅನುಭವ ಕುಶಲಕರ್ಮಿಗಳಿಗೆ ವಿಜ್ಞಾನಕ್ಕಿಂತ ಮೊದಲೇ ಇತ್ತು. ಏಕೆ ಬರುವುದಿಲ್ಲ ಎಂಬುದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಾಯಿತು.

ತಂದೆ ಕಂಡದ್ದು, ಮಗ ತಿಳಿದದ್ದು

ಜರ್ಮನಿಯ ಅರಣ್ಯಶಾಸ್ತ್ರಜ್ಞ ಥಿಯೊಡೋರ್ ಹಾರ್ಟಿಗ್ 1833ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಕೊಳೆತ ಮರದ ತೆಳುಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನಿಗೆ ಜೀವಕೋಶಗಳ ನಡುವೆ ಹರಿದಾಡುವ ಸಣ್ಣ ಎಳೆಗಳು ಕಂಡಿದ್ದವು. ಎಳೆಗಳನ್ನು ಅವನು ಸರಿಯಾಗಿಯೇ ಚಿತ್ರಿಸಿದ. ಆದರೆ ಅವು ಎಲ್ಲಿಂದ ಬಂದವು? ಮರದ ಜೀವಕೋಶಗಳೇ ಕೆಟ್ಟು ಶಿಲೀಂಧ್ರದ ಎಳೆಗಳಾಗಿ ಮಾರ್ಪಟ್ಟಿವೆ ಎಂದು ಅವನು ತೀರ್ಮಾನಿಸಿದ. ಅಂದರೆ ಕೊಳೆತ ಮೊದಲು, ಶಿಲೀಂಧ್ರ ಆಮೇಲೆ.

ಇದನ್ನು ಕೇಳಿ ನಗಬೇಡಿ. ಆ ಕಾಲಕ್ಕೆ ಇದು ಒಪ್ಪಬಹುದಾದ ಮಾತೇ ಆಗಿತ್ತು. ಕೊಳೆಯುವ ವಸ್ತುವಿನಲ್ಲಿ ಜೀವ ತಾನಾಗಿಯೇ ಹುಟ್ಟುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಲೂಯಿ ಪಾಶ್ಚರ್ ತನ್ನ ಪ್ರಯೋಗಗಳಿಂದ ಅದನ್ನು ಅಲ್ಲಗಳೆದದ್ದು 1860ರ ಸುಮಾರಿಗೆ. ಅದೂ ಅಲ್ಲದೆ, ಅಣಬೆ ಮರದ ಹೊರಗೆ ಕಾಣಿಸಿಕೊಳ್ಳುವುದು ಒಳಗೆ ಸಾಕಷ್ಟು ಕೊಳೆತ ಮೇಲೆಯೇ. ಬರಿಗಣ್ಣಿಗೆ ಮೊದಲು ಕಂಡದ್ದು ಕೊಳೆತ, ಕೊನೆಗೆ ಕಂಡದ್ದು ಅಣಬೆ. ಮೊದಲು ಕಂಡದ್ದೇ ಕಾರಣ ಎಂದುಕೊಳ್ಳುವುದು ಸಹಜ ತಾನೇ?

ಈ ತೀರ್ಮಾನವನ್ನು ಬುಡಮೇಲು ಮಾಡಿದವನು ಥಿಯೊಡೋರನ ಮಗ ರಾಬರ್ಟ್ ಹಾರ್ಟಿಗ್. ಅಷ್ಟರಲ್ಲಿ ವಿಜ್ಞಾನದ ವಾತಾವರಣವೂ ಬದಲಾಗಿತ್ತು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶ ಮಾಡಿದ ಅಂಗಮಾರಿಗೆ ಒಂದು ಸೂಕ್ಷ್ಮಜೀವಿಯೇ ಕಾರಣವೆಂದು ಆಂಟನ್ ಡಿ ಬ್ಯಾರಿ ಪ್ರಯೋಗ ಮಾಡಿ ತೋರಿಸಿದ್ದ. ರಾಬರ್ಟ್ ಹಾರ್ಟಿಗ್ ಅದೇ ದೃಷ್ಟಿಯನ್ನು ಕಾಡಿಗೆ ತಂದ. ಮರದ ಒಳಗಿನ ಎಳೆಗಳು ಮತ್ತು ತೊಗಟೆಯ ಮೇಲಿನ ಅಣಬೆ ಒಂದೇ ಜೀವಿಯ ಎರಡು ಭಾಗಗಳು ಎಂಬುದನ್ನು 1874ರ ಪುಸ್ತಕದಲ್ಲಿ ತೋರಿಸಿದ. 1878ರಲ್ಲಿ ಮರದ ಕೊಳೆಯುವಿಕೆಯ ಬಗ್ಗೆಯೇ ಇನ್ನೊಂದು ಗ್ರಂಥ ಬರೆದು, ಬೇರೆ ಬೇರೆ ಶಿಲೀಂಧ್ರಗಳು ಮರವನ್ನು ಬೇರೆ ಬೇರೆ ರೀತಿಯಲ್ಲಿ ಕೊಳೆಸುತ್ತವೆ ಎಂದು ವಿವರಿಸಿದ. ಎಳೆ ಮೊದಲು, ಕೊಳೆತ ಆಮೇಲೆ, ಅಣಬೆ ಕೊನೆಗೆ. ತಂದೆ ನೋಡಿದ ಎಳೆಗಳನ್ನೇ ಮಗನೂ ನೋಡಿದ್ದು. ಬದಲಾದದ್ದು ಬಾಣದ ದಿಕ್ಕು.

ಇದು ಬರಿಯ ಪಂಡಿತರ ಚರ್ಚೆಯಾಗಿರಲಿಲ್ಲ. ಕೊಳೆತದಿಂದ ಅಣಬೆ ಹುಟ್ಟುವುದಾದರೆ ಅಣಬೆಯನ್ನು ಅದರ ಪಾಡಿಗೆ ಬಿಡಬಹುದು. ಅಣಬೆಯ ಜೀವಿಯೇ ಕೊಳೆಸುವುದಾದರೆ ಅದು ಪಕ್ಕದ ಮರಕ್ಕೆ ಹೋಗದಂತೆ ತಡೆಯಬೇಕು. ರೋಗ ತಗಲಿದ ಮರಗಳ ಸುತ್ತ ಕಂದಕ ತೋಡಿ ಬೇರುಗಳ ಸಂಪರ್ಕ ಕಡಿಯಬೇಕೆಂದು ಹಾರ್ಟಿಗ್ ಸೂಚಿಸಿದ್ದು ಇದೇ ಕಾರಣಕ್ಕೆ.

ಅಡಿಕೆ ತೋಟದಲ್ಲಿ ಅದೇ ಪ್ರಶ್ನೆ

ಈ ಕಂದಕದ ಮಾತು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಬಯಲುಸೀಮೆಯ ತೋಟಗಳನ್ನು ಕಾಡುವ ಅಣಬೆರೋಗಕ್ಕೂ ಇದೇ ಉಪಾಯ ಹೇಳುತ್ತಾರೆ. ರೋಗ ಬಂದ ಮರದ ಎಲೆಗಳು ನೀರಿಲ್ಲದೆ ಬಾಡಿದಂತೆ ಹಳದಿಯಾಗಿ ಜೋಲುತ್ತವೆ. ಬುಡದಲ್ಲಿ ಕಂದು ಕಲೆ ಮೂಡಿ ರಸ ಒಸರುತ್ತದೆ. ಎಲ್ಲ ಮುಗಿಯುತ್ತ ಬಂದಾಗ ಬುಡದ ಬಳಿ ಗಟ್ಟಿಯಾದ, ಮೆರುಗುಳ್ಳ ಅಣಬೆ ಏಳುತ್ತದೆ. ಅದೇ ಗ್ಯಾನೊಡರ್ಮ.

ಹೆಸರನ್ನು ಗಮನಿಸಿ. 'ಅಣಬೆರೋಗ' ಎಂದವರು ಅಣಬೆಯನ್ನೂ ರೋಗವನ್ನೂ ಒಟ್ಟಿಗೆ ಕಟ್ಟಿದ್ದಾರೆ. ಆದರೆ ಅಣಬೆಯಿಂದ ರೋಗವೋ, ರೋಗದಿಂದ ಅಣಬೆಯೋ ಎಂಬುದನ್ನು ಹೆಸರು ಹೇಳುವುದಿಲ್ಲ. ಎರಡು ಸಂಗತಿಗಳು ಜೊತೆಯಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ ಎಂಬುದಕ್ಕೆ ತರಗತಿಯಲ್ಲಿ ಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಮೈಸೂರು ಸೀಮೆಯ ಈ ರೋಗವನ್ನು ಶಿಲೀಂಧ್ರಶಾಸ್ತ್ರಜ್ಞ ಇ.ಜೆ. ಬಟ್ಲರ್ 1906ರಲ್ಲಿ ದಾಖಲಿಸಿದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು. ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೆ ಕಾರಣ ಫೈಟಾಫ್ತೊರ, ಅಂದರೆ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ ಜೀವಿಯದೇ ಕುಲ. (ಈ ಕುಲವನ್ನು ಈಗಿನ ವರ್ಗೀಕರಣದಲ್ಲಿ ನಿಜವಾದ ಶಿಲೀಂಧ್ರಗಳ ಜೊತೆ ಸೇರಿಸುವುದಿಲ್ಲ.) ಅಡಿಕೆ ಗೊನೆಗೆ ಬೋರ್ಡೊ ದ್ರಾವಣ ಸಿಂಪಡಿಸುವ ಪದ್ಧತಿ ಮೈಸೂರು ಸೀಮೆಯಲ್ಲಿ ಬೇರೂರಿದ್ದು ಆ ಕೆಲಸದಿಂದ. ಕಾರಣ ತಿಳಿದ ಮೇಲೆ ಉಪಾಯ ಕೈಗೆ ಬಂತು. ಮಳೆಯನ್ನೋ ಗಾಳಿಯನ್ನೋ ದೂರುತ್ತ ಕುಳಿತಿದ್ದರೆ ಅದು ಬರುತ್ತಿರಲಿಲ್ಲ.

ಗ್ಯಾನೊಡರ್ಮ ಕೂಡ ದಾರುವನ್ನು ತಿನ್ನುವ ಶಿಲೀಂಧ್ರ. ಸಾಮಿಲ್ಲಿನ ಮಾವಿನ ದಿಮ್ಮಿಗೆ ಬಿಳಿ ತೇಪೆ ಹಾಕುವ ಗುಂಪಿಗೇ ಅದು ಸೇರಿದೆ. ಹಾಗಾದರೆ ದಿಮ್ಮಿಯೊಳಗೆ ನಡೆಯುವುದೇನು? ಈಗ ಅಲ್ಲಿಗೆ ಮರಳೋಣ.

ಕಲೆ, ಬಿಳುಪು, ಗೆರೆ

ಸ್ಪಾಲ್ಟಿಂಗ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ.

ಮೊದಲನೆಯದು ಕಲೆ. ಮರದ ನಡುವಿನ ಗಟ್ಟಿ ಭಾಗವನ್ನು ಚೇಗು ಎನ್ನುತ್ತೇವೆ. ಅದರ ಸುತ್ತಲಿನ ತಿಳಿಬಣ್ಣದ ಹೊರಭಾಗದಲ್ಲಿ ಸಕ್ಕರೆ, ಪಿಷ್ಟ ಸಂಗ್ರಹವಾಗಿರುತ್ತವೆ. ಮರ ಕಡಿದ ಕೆಲವೇ ದಿನಗಳಲ್ಲಿ ಕೆಲವು ಶಿಲೀಂಧ್ರಗಳು ಈ ಆಹಾರಕ್ಕಾಗಿ ಕೊಯ್ದ ತುದಿಯಿಂದ ಒಳನುಗ್ಗುತ್ತವೆ. ಉಷ್ಣವಲಯದಲ್ಲಿ ಇವುಗಳ ಪೈಕಿ ಬಹಳ ಸಾಮಾನ್ಯವಾದದ್ದು ಲ್ಯಾಸಿಯೊಡಿಪ್ಲೋಡಿಯ ಥಿಯೊಬ್ರೋಮೆ. ಮಾವು, ರಬ್ಬರ್ ಮರಗಳ ನೀಲಿಗಲೆಗೆ ಇದೇ ಮುಖ್ಯ ಕಾರಣ. ಇದರ ಎಳೆಗಳ ನಿಜವಾದ ಬಣ್ಣ ಕಂದು. ಮರದೊಳಗೆ ಬೆಳಕು ಚದುರುವ ರೀತಿಯಿಂದಾಗಿ ನಮಗೆ ನೀಲಿಯಾಗಿ ಕಾಣುತ್ತದೆ. ಈ ಶಿಲೀಂಧ್ರಗಳು ಉಗ್ರಾಣದ ಕಾಳನ್ನು ತಿನ್ನುತ್ತವೆ, ಉಗ್ರಾಣದ ಗೋಡೆಯನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆದ್ದರಿಂದ ಕಲೆ ಬಂದ ಮರ ನೋಟಕ್ಕೆ ಕೆಟ್ಟರೂ ಅದರ ಬಲ ಅಷ್ಟಾಗಿ ಕುಂದುವುದಿಲ್ಲ.

ಎರಡನೆಯದು ಬಿಳುಪು. ಇದು ಗೋಡೆಯನ್ನೇ ತಿನ್ನುವವರ ಕೆಲಸ. ದಾರುವಿನ ಜೀವಕೋಶಗಳ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿದ್ದು, ಅವುಗಳನ್ನು ಲಿಗ್ನಿನ್ ಎಂಬ ಕಂದುಛಾಯೆಯ ವಸ್ತು ಬಿಗಿದು ಹಿಡಿದಿರುತ್ತದೆ. ಲಿಗ್ನಿನ್ ಅನ್ನು ಒಡೆಯುವುದು ಬಹುತೇಕ ಜೀವಿಗಳಿಗೆ ಸಾಧ್ಯವಿಲ್ಲ. ಬಿಳಿಕೊಳೆತದ ಶಿಲೀಂಧ್ರಗಳಿಗೆ ಅದು ಸಾಧ್ಯ. ಅವು ಬಳಸುವ ಲಿಗ್ನಿನ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ವಿಜ್ಞಾನಿಗಳು ಗುರುತಿಸಿದ್ದು 1983ರಲ್ಲಿ. ಲಿಗ್ನಿನ್ ಹೋದಂತೆ ಮರ ಬಿಳಿಚುತ್ತದೆ, ಹಗುರಾಗುತ್ತದೆ, ಕೊನೆಗೆ ಉಗುರಿಗೇ ಸಿಪ್ಪೆಯೇಳುತ್ತದೆ. ಬಡಗಿ 'ಕುಂಬು' ಎಂದದ್ದು ಇದನ್ನೇ.

ಮೂರನೆಯದು ಕಪ್ಪುಗೆರೆ. ಇದರ ಕಪ್ಪಿಗೆ ಕಾರಣ ಮೆಲನಿನ್. ನಮ್ಮ ಚರ್ಮ, ಕೂದಲುಗಳಿಗೆ ಬಣ್ಣ ಕೊಡುವ ವರ್ಣಕಗಳ ಗುಂಪೇ ಇದು. ಆದರೆ ಶಿಲೀಂಧ್ರ ತನ್ನ ವರ್ಣಕವನ್ನು ಹೀಗೆ ಒಂದು ತೆಳುಗೆರೆಯಲ್ಲಿ ಏಕೆ ತುಂಬುತ್ತದೆ?

ಗೆರೆ ಎಂದರೆ ಬೇಲಿ

1933 ಮತ್ತು 1934ರಲ್ಲಿ ಎ.ಎಚ್. ಕ್ಯಾಂಪ್‌ಬೆಲ್ ಎಂಬ ಸಂಶೋಧಕ ಎರಡು ಪ್ರಬಂಧಗಳಲ್ಲಿ ಈ ಗೆರೆಗಳನ್ನು ವಿವರಿಸಿದ. ಒಂದು ಕ್ಸೈಲೇರಿಯ ಎಂಬ ಶಿಲೀಂಧ್ರ ಎಳೆಯುವ ಗೆರೆಯ ಬಗ್ಗೆ, ಇನ್ನೊಂದು ಆರ್ಮಿಲೇರಿಯದ ಗೆರೆಯ ಬಗ್ಗೆ. ಹಲಗೆಯಲ್ಲಿ ನಮಗೆ ಗೆರೆಯಾಗಿ ಕಾಣುವುದು ನಿಜವಾಗಿ ಗೆರೆಯಲ್ಲ. ಅದು ಕಪ್ಪು ಎಳೆಗಳು ಒತ್ತಾಗಿ ಹೆಣೆದುಕೊಂಡ ಒಂದು ತೆಳುಗೋಡೆ. ಗರಗಸ ಗೋಡೆಯನ್ನು ಅಡ್ಡ ಕೊಯ್ದಾಗ ಅದರ ಅಂಚು ಗೆರೆಯಾಗಿ ತೋರುತ್ತದೆ. ಈ ಗೋಡೆಯೊಳಗೆ ಶಿಲೀಂಧ್ರ ತನ್ನ ತೇವವನ್ನು ಕಾಪಾಡಿಕೊಂಡು, ಬೇರೆಯವರು ನುಗ್ಗದಂತೆ ತನ್ನ ಪಾಲನ್ನು ಉಳಿಸಿಕೊಳ್ಳುತ್ತದೆ.

ಮುಂದಿನ ದೊಡ್ಡ ಹೆಜ್ಜೆ 1977ರದು. ಇಂಗ್ಲೆಂಡಿನ ರೇನರ್ ಮತ್ತು ಟಾಡ್ ಕೊರಡುಗಳನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಗೆರೆಯ ಎರಡೂ ಬದಿಯಿಂದ ಶಿಲೀಂಧ್ರವನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದರು. ಎರಡು ಬದಿಯಲ್ಲೂ ಒಂದೇ ಪ್ರಭೇದ ಇದ್ದ ಕಡೆಗಳಲ್ಲಿಯೂ ಅವುಗಳನ್ನು ಒಟ್ಟಿಗೆ ಬೆಳೆಸಿದಾಗ ಒಂದಾಗಲಿಲ್ಲ; ನಡುವೆ ಮತ್ತೆ ಗಡಿ ಮೂಡಿತು. ಅಂದರೆ ಅವು ಒಂದೇ ಪ್ರಭೇದದ ಬೇರೆ ಬೇರೆ ವ್ಯಕ್ತಿಗಳು. ಬೇರೆ ಬೇರೆ ಬೀಜಾಣುಗಳಿಂದ ಹುಟ್ಟಿದ ಎರಡು ಶಿಲೀಂಧ್ರಗಳು ಒಂದೇ ಕೊರಡಿನಲ್ಲಿ ಎದುರಾದಾಗ ತಮ್ಮದಲ್ಲದ ಎಳೆಯನ್ನು ಗುರುತಿಸುತ್ತವೆ, ಬೇಲಿ ಹಾಕುತ್ತವೆ.

ಇದನ್ನು ತಿಳಿದ ಮೇಲೆ ಹಲಗೆಯನ್ನು ಓದುವ ರೀತಿಯೇ ಬದಲಾಗುತ್ತದೆ. ಗೆರೆಗಳಿಂದ ಸುತ್ತುವರಿದ ಒಂದೊಂದು ತೇಪೆಯೂ ಒಂದೊಂದು ಜೀವಿಯ ಹೊಲ. ಕೊಯ್ದ ಕೊರಡೊಂದರಲ್ಲಿ ಎಷ್ಟು ಶಿಲೀಂಧ್ರಗಳು ನೆಲೆಸಿದ್ದವು, ಯಾರ ಪಾಲು ದೊಡ್ಡದು ಎಂಬುದನ್ನು ಬರಿಗಣ್ಣಿನಿಂದಲೇ ಸುಮಾರಾಗಿ ಅಂದಾಜು ಮಾಡಬಹುದು. ಕಾಡಿನಲ್ಲಿ ಬಿದ್ದ ಮರವನ್ನು ಒಂದು ಶಿಲೀಂಧ್ರ ತಿನ್ನುವುದಿಲ್ಲ, ಅಲ್ಲಿ ಒಂದು ಸಮುದಾಯವೇ ಇರುತ್ತದೆ ಎಂಬ ತಿಳಿವಳಿಕೆ ಪರಿಸರ ವಿಜ್ಞಾನಕ್ಕೆ ಸಿಕ್ಕಿದ್ದರಲ್ಲಿ ಈ ಗೆರೆಗಳ ಪಾತ್ರ ದೊಡ್ಡದು.

ಕೆಟ್ಟದ್ದಕ್ಕೆ ಬಂದ ಬೆಲೆ

ಕಾರಣ ತಿಳಿಯುವ ಮೊದಲೇ ಈ ಬಣ್ಣವನ್ನು ಬಳಸಿದವರೂ ಇದ್ದರು. ಮೈಸೂರಿನ ಬೀಟೆ ಮರದ ಕೆತ್ತುಕೂರಿಕೆಯನ್ನು ನೀವು ನೋಡಿರಬಹುದು. ಬೇರೆ ಬೇರೆ ಮರಗಳ ಸಹಜ ಬಣ್ಣದ ತುಂಡುಗಳನ್ನು ಕೂರಿಸಿ ಅಲ್ಲಿ ಚಿತ್ರ ಬಿಡಿಸುತ್ತಾರೆ. 15ನೆಯ ಶತಮಾನದ ಇಟಲಿಯಲ್ಲೂ ಇಂತಹ ಕಲೆ ಬೆಳೆದಿತ್ತು. ಅಲ್ಲಿನ ಕಲಾವಿದರಿಗೆ ಎಲೆ, ಗುಡ್ಡ, ಗಿಳಿಗಳಿಗೆ ಹಸಿರು ಬೇಕಿತ್ತು. ಹಸಿರು ದಾರುವಿನ ಮರ ಸಿಗುವುದು ಕಷ್ಟ. ಅವರು ಕಾಡಿನಲ್ಲಿ ಬಿದ್ದ ಕೊರಡುಗಳಿಂದ ನೀಲಿಹಸಿರು ಬಣ್ಣಕ್ಕೆ ತಿರುಗಿದ ತುಂಡುಗಳನ್ನು ಆಯ್ದು ತಂದರು. ಆ ಬಣ್ಣ ಕ್ಲೋರೊಸಿಬೋರಿಯ ಎಂಬ ಶಿಲೀಂಧ್ರ ತಯಾರಿಸುವ ಕ್ಸೈಲಿಂಡೀನ್ ಎಂದು 1992ರಲ್ಲಿ ಅಮೆರಿಕದ ರಾಬರ್ಟ್ ಬ್ಲಾಂಚೆಟ್ ಮತ್ತು ಸಂಗಡಿಗರು ತೋರಿಸಿದರು. ಐನೂರು ವರ್ಷ ಕಳೆದರೂ ಆ ಹಸಿರು ಮಾಸಿರಲಿಲ್ಲ.

ಲೇತಿನಲ್ಲಿ ಕಡೆಯುವವರ ನಡುವೆ ಗೆರೆಬಿದ್ದ ಮರಕ್ಕೆ ಗೌರವ ತಂದವರು ಅಮೆರಿಕದ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಮತ್ತು ಅವರ ಮಗ ಮಾರ್ಕ್. ಮಾರ್ಕ್ ಲಿಂಡ್‌ಕ್ವಿಸ್ಟ್ 1977ರಲ್ಲಿ ಈ ಬಗ್ಗೆ ಬರೆದ ಲೇಖನದಿಂದ ಅದು ಬಹಳ ಜನರಿಗೆ ತಿಳಿಯಿತು. ರೇನರ್ ಮತ್ತು ಟಾಡ್ ಗೆರೆಯ ಅರ್ಥ ತಿಳಿಸಿದ್ದೂ ಅದೇ ವರ್ಷ ಎಂಬುದು ಒಂದು ಸ್ವಾರಸ್ಯ. ನಮ್ಮಲ್ಲಿ ಮಾತ್ರ ಅರಗಿನ ಬಣ್ಣ ಮರವನ್ನು ಮುಚ್ಚುವುದರಿಂದಲೋ ಏನೋ, ಗೆರೆಬಿದ್ದ ಮಾವು ಇನ್ನೂ ಒಲೆಗೇ ಹೋಗುತ್ತಿದೆ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಈ ಕುಶಲಕರ್ಮದ ಗುಟ್ಟು. ಬೇಗ ತೆಗೆದರೆ ಗೆರೆ ಮೂಡಿರುವುದಿಲ್ಲ. ತಡವಾದರೆ ಉಳಿ ತಾಗಿದ ಕಡೆ ಮರ ಕಿತ್ತುಬರುತ್ತದೆ. ಶಿಲೀಂಧ್ರವನ್ನು ನಿಲ್ಲಿಸುವ ಬೀಗದ ಕೈ ನೀರು. ಮರದ ತೇವಾಂಶ ಅದರ ಒಣತೂಕದ ಶೇಕಡ 20ಕ್ಕಿಂತ ಕಡಿಮೆಯಾದರೆ ಶಿಲೀಂಧ್ರ ಬೆಳೆಯುವುದಿಲ್ಲ; ಶೇಕಡ 30ರ ಆಸುಪಾಸು ಮತ್ತು ಅದಕ್ಕಿಂತ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಹಾಗೆಂದು ಪೂರ್ತಿ ಮುಳುಗಿಸಿದರೆ ಮತ್ತೆ ನಿಲ್ಲುತ್ತದೆ, ಏಕೆಂದರೆ ಅದಕ್ಕೆ ಆಮ್ಲಜನಕವೂ ಬೇಕು. ಚನ್ನಪಟ್ಟಣದವರು ಮರವನ್ನು ಒಣಗಿಸಿದ್ದರ ಅರ್ಥ ಈಗ ಸ್ಪಷ್ಟವಾಯಿತಲ್ಲವೆ?

ನಾಲ್ಕು ತಾಲ್ಲೂಕು, ಒಂದೇ ಕೊಂಬೆ

ಇದನ್ನು ಪರೀಕ್ಷಿಸಿ ನೋಡಲು ದಾವಣಗೆರೆ ಜಿಲ್ಲೆಯ ಶಾಲೆಗಳಿಗೆ ಒಳ್ಳೆಯ ಅವಕಾಶವಿದೆ. ಚನ್ನಗಿರಿಯಲ್ಲಿ ಸೂಳೆಕೆರೆ, ಭದ್ರಾ ನಾಲೆ, ಅಡಿಕೆ ತೋಟಗಳಿವೆ. ಹೊನ್ನಾಳಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ ಮಲೆನಾಡಿನ ಅಂಚಿಗೆ ಹತ್ತಿರ. ಜಗಳೂರು ಮಳೆ ಕಡಿಮೆ ಇರುವ ಒಣ ಬಯಲು.

ಬಿದ್ದುಹೋದ ಅಥವಾ ಸವರಿದ ಒಂದೇ ಮಾವಿನ ಕೊಂಬೆಯಿಂದ ಗೇಣುದ್ದದ ತುಂಡುಗಳನ್ನು ಕೊಯ್ದು ನಾಲ್ಕು ಶಾಲೆಗಳಿಗೆ ಹಂಚಿಕೊಳ್ಳಿ. ಪ್ರತಿ ಶಾಲೆಯಲ್ಲೂ ಒಂದು ತುಂಡನ್ನು ಮರದ ನೆರಳಿನ ನೆಲದ ಮೇಲೆ, ಒಂದನ್ನು ಒಳಗೆ ಗಾಳಿಯಾಡುವ ಹಲಗೆಯ ಮೇಲೆ, ಒಂದನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಇಡಿ. ವಾರಕ್ಕೊಮ್ಮೆ ತೂಕ ಬರೆದಿಡಿ. ಎರಡು-ಮೂರು ತಿಂಗಳ ನಂತರ ಶಿಕ್ಷಕರೇ ಗರಗಸದಿಂದ ಅಡ್ಡ ಕೊಯ್ಯಲಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು, ಮೇಲ್ಮೈಯನ್ನು ಒದ್ದೆ ಮಾಡಿಕೊಳ್ಳುವುದು ಕಡ್ಡಾಯ. ಶಿಲೀಂಧ್ರದ ಬೀಜಾಣುಗಳು ಮತ್ತು ಮರದ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಉಬ್ಬಸ ಇರುವವರು ದೂರವಿರಬೇಕು. ಕೊಯ್ದ ಒಂದು ಬಿಲ್ಲೆಯನ್ನು ತೂಗಿ, ತೂಕ ಬದಲಾಗದ ತನಕ ಒಣಗಿಸಿ ಮತ್ತೆ ತೂಗಿ. ಕಳೆದ ತೂಕವನ್ನು ಒಣತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾವಾರು ತೇವಾಂಶ ಸಿಗುತ್ತದೆ.

ಕೊಯ್ಯುವ ಮೊದಲು ಒಂದು ಕೆಲಸ ಮಾಡಿ. ಯಾವ ಊರಿನ ಯಾವ ತುಂಡಿನಲ್ಲಿ ಕಲೆ ಬಂದಿರುತ್ತದೆ, ಯಾವುದರಲ್ಲಿ ಬಂದಿರುವುದಿಲ್ಲ, ಏಕೆ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದಿಡಲಿ. ಜಗಳೂರಿನ ನೆಲದ ಮೇಲಿನ ತುಂಡೂ ಹೊನ್ನಾಳಿಯ ಒಳಗಿನ ತುಂಡೂ ಒಂದೇ ರೀತಿ ಇದ್ದರೆ ಅದರಿಂದ ಏನು ತಿಳಿಯುತ್ತದೆ? ಒಂದೇ ನೆಲದಲ್ಲಿ ಒದ್ದೆಯ ತುಂಡಿಗೆ ಕಲೆ ಬಂದು ಮುಳುಗಿದ್ದಕ್ಕೆ ಬರದಿದ್ದರೆ ಕಾರಣ ನೀರೇ ಎನ್ನಬಹುದೆ? ಥಿಯೊಡೋರ್ ಹಾರ್ಟಿಗ್ ಎಡವಿದ್ದು ಇಂತಹ ಪ್ರಶ್ನೆಯಲ್ಲಿಯೇ. ಅವನ ಕಣ್ಣು ಚುರುಕಾಗಿಯೇ ಇತ್ತು. ಜೊತೆಯಲ್ಲಿ ಕಂಡ ಎರಡು ಸಂಗತಿಗಳಲ್ಲಿ ಮೊದಲಿನದು ಯಾವುದೆಂದು ಪರೀಕ್ಷಿಸುವ ಪ್ರಯೋಗ ಅವನ ಬಳಿ ಇರಲಿಲ್ಲ. ನಿಮ್ಮ ಬಳಿ ಒಂದು ಮಾವಿನ ಕೊಂಬೆ, ಒಂದು ತಕ್ಕಡಿ ಮತ್ತು ಮೂರು ತಿಂಗಳ ತಾಳ್ಮೆ ಇದ್ದರೆ ಸಾಕು.